4.669: ಸೂತ್ರ ಬದಲಾದರೂ ಬದಲಾಗದ ಸಂಖ್ಯೆ

ಒಂದು ಸಂಖ್ಯೆಯನ್ನು ಸೂತ್ರಕ್ಕೆ ಹಾಕಿ, ಬಂದ ಉತ್ತರವನ್ನು ಮತ್ತೆ ಅದೇ ಸೂತ್ರಕ್ಕೆ ಒಡ್ಡುತ್ತ ಹೋದರೆ ಕೊನೆಗೆ ಏನಾಗುತ್ತದೆ? ಚಲನಶೀಲ ವ್ಯವಸ್ಥೆಗಳ ಗಣಿತವು ಕೇಳುವ ಮೂಲ ಪ್ರಶ್ನೆಗಳಲ್ಲಿ ಇದೂ ಒಂದು.

ಜೀವಿಗಳ ಸಂಖ್ಯೆಯ ಏರಿಳಿತವನ್ನು ವಿವರಿಸುವ ಲಾಜಿಸ್ಟಿಕ್ ಸೂತ್ರ ಇದಕ್ಕೆ ಪ್ರಸಿದ್ಧ ನಿದರ್ಶನ. ವೃದ್ಧಿದರ 1ರಿಂದ 3ರವರೆಗೆ ಇರುವಾಗ ಉತ್ತರ ಒಂದೇ ಬೆಲೆಯಲ್ಲಿ ನೆಲೆಸುತ್ತದೆ. 3 ದಾಟಿದೊಡನೆ ಎರಡು ಬೆಲೆಗಳ ನಡುವೆ ಓಲಾಡತೊಡಗುತ್ತದೆ. 3.4495ರ ಬಳಿಕ ನಾಲ್ಕು, 3.5441ರ ಬಳಿಕ ಎಂಟು. ಹೀಗೆ ಇಮ್ಮಡಿಸುತ್ತ 3.57ರ ಸಮೀಪ ಈ ಸರಣಿ ಮುಗಿದು ಅಸ್ತವ್ಯಸ್ತ ಚಲನೆಗೆ ದಾರಿಯಾಗುತ್ತದೆ.

1975ರಲ್ಲಿ ಅಮೆರಿಕದ ಲಾಸ್ ಅಲಮಾಸ್ ಪ್ರಯೋಗಾಲಯದ ಭೌತವಿಜ್ಞಾನಿ ಮಿಚೆಲ್ ಫೈಗೆನ್‌ಬಾಮ್ ಪುಟ್ಟ ಕ್ಯಾಲ್ಕುಲೇಟರೊಂದರಲ್ಲಿ ಈ ಅಂತರಗಳನ್ನು ಲೆಕ್ಕ ಹಾಕಿದರು. ಅಂತರಗಳು ಕಿರಿದಾಗುತ್ತ ಹೋಗುವ ಅನುಪಾತ ಸುಮಾರು 4.669ಕ್ಕೆ ಸಮೀಪಿಸುತ್ತಿತ್ತು. ಸೂತ್ರವನ್ನೇ ಬದಲಿಸಿ ಸೈನ್ ರೇಖೆಯನ್ನು ಬಳಸಿದಾಗಲೂ ಅದೇ ಸಂಖ್ಯೆ! ಫ್ರಾನ್ಸಿನ ಕುಲೆ ಮತ್ತು ಟ್ರೆಸ್ಸರ್ ಸ್ವತಂತ್ರವಾಗಿ ಇದೇ ವಿದ್ಯಮಾನವನ್ನು ಗುರುತಿಸಿದರು.

ಕಾರಣ ಹುಡುಕಲು ಬಳಸಿದ ಉಪಾಯವೇ ರಿನಾರ್ಮಲೈಸೇಶನ್. ಸೂತ್ರವನ್ನು ಎರಡು ಬಾರಿ ಅನ್ವಯಿಸಿ, ಬಂದ ರೇಖೆಯ ನಡುವಿನ ಸಣ್ಣ ತುಣುಕನ್ನು ಹಿಗ್ಗಿಸಿ ತಿರುಗಿಸಿದರೆ ಹಿಂದಿನ ರೇಖೆಯಂಥದೇ ರೇಖೆ ಕಾಣುತ್ತದೆ. ಇದನ್ನೇ ಪುನರಾವರ್ತಿಸಿದಾಗ, ಸರಣಿ ಮುಗಿಯುವ ಗಡಿಯಲ್ಲಿರುವ ಬೇರೆ ಬೇರೆ ಸೂತ್ರಗಳು ಒಂದೇ ಆದರ್ಶ ರೂಪದತ್ತ ಸಾಗುತ್ತವೆ. ಗಡಿಯಿಂದ ತುಸು ಸರಿದ ಸೂತ್ರ ಆ ರೂಪದಿಂದ ದೂರ ಸರಿಯುತ್ತದೆ; ಸರಿಯುವ ವೇಗವೇ 4.669.

ಆದರೆ ಭೌತವಿಜ್ಞಾನಿಯ ವಿವರಣೆ ಗಣಿತಜ್ಞನಿಗೆ ಸಾಧನೆಯಲ್ಲ. 1982ರಲ್ಲಿ ಆಸ್ಕರ್ ಲ್ಯಾನ್‌ಫೋರ್ಡ್ ಗಣಕಯಂತ್ರದ ನೆರವಿನಿಂದ ಸಾಧನೆ ನೀಡಿದರು. ಅದು ಸರಿಯೆಂಬುದನ್ನು ತೋರಿಸಿತೇ ಹೊರತು ಹಾಗೇಕೆ ಎಂಬುದನ್ನಲ್ಲ. ಈ ಕೊರತೆಯನ್ನು ಬಹುಮಟ್ಟಿಗೆ ನೀಗಿದವರು ಡೆನ್ನಿಸ್ ಸಲಿವನ್. ಸಂಮಿಶ್ರ ಸಂಖ್ಯೆಗಳ ರೇಖಾಗಣಿತವನ್ನು ತಂದು ಅವರು ತೋರಿಸಿದ ಗುಣವನ್ನು 'ದೃಢತೆ' ಎನ್ನಬಹುದು. ಎರಡು ವ್ಯವಸ್ಥೆಗಳಲ್ಲಿ ಬಿಂದುಗಳು ಭೇಟಿ ನೀಡುವ ಕ್ರಮ ಒಂದೇ ಆಗಿದ್ದರೆ, ಅವುಗಳ ಸೂಕ್ಷ್ಮ ರಚನೆಯ ಅನುಪಾತಗಳೂ ಒಂದೇ ಆಗಲೇಬೇಕು. ರಬ್ಬರಿನಂತೆ ಎಳೆದು ವಿರೂಪಗೊಳಿಸಲು ಅಲ್ಲಿ ಎಡೆಯಿಲ್ಲ. ಕರ್ಟಿಸ್ ಮ್ಯಾಕ್‌ಮಲೆನ್ ಇದನ್ನು ಮುಂದುವರಿಸಿದರು. 1999ರಲ್ಲಿ ಮಿಖಾಯಿಲ್ ಲ್ಯೂಬಿಚ್ ಆ ವೇಗದ ಪ್ರಶ್ನೆಯನ್ನೂ ಬಗೆಹರಿಸಿದರು. ಮ್ಯಾಕ್‌ಮಲೆನ್‌ಗೆ 1998ರಲ್ಲಿ, ಇದೇ ಕ್ಷೇತ್ರದ ಬ್ರೆಜಿಲ್‌ನ ಅರ್ತುರ್ ಆವಿಲಾಗೆ 2014ರಲ್ಲಿ ಫೀಲ್ಡ್ಸ್ ಪದಕ, ಸಲಿವನ್‌ಗೆ 2022ರಲ್ಲಿ ಏಬಲ್ ಪ್ರಶಸ್ತಿ ಸಂದವು.

ಒಂದು ಷರತ್ತು ಇದೆ. ರೇಖೆಯ ಶಿಖರ ವರ್ಗಸೂತ್ರದ ಶಿಖರದಂತೆ ಬಾಗಿರಬೇಕು. ಶಿಖರ ಇನ್ನಷ್ಟು ಚಪ್ಪಟೆಯಾದರೆ ಇಮ್ಮಡಿಸುವಿಕೆ ಉಳಿಯುತ್ತದೆ, ಸಂಖ್ಯೆ ಮಾತ್ರ ಬೇರೆಯಾಗುತ್ತದೆ.