ನೀರು ತುಂಬಿದ ಕಾಲು, ದಣಿದ ಹೃದಯ

1944ರ ಮಾರ್ಚ್ ತಿಂಗಳ ಕೊನೆ. ಎರಡನೇ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರನ್ನು ಬೆಥೆಸ್ಡಾದ ನೌಕಾಪಡೆ ಆಸ್ಪತ್ರೆಗೆ ತಪಾಸಣೆಗೆಂದು ಕರೆತಂದರು. ಬಿಡದ ಕೆಮ್ಮು, ತೀರದ ಸುಸ್ತು. ಅವರ ಖಾಸಗಿ ವೈದ್ಯರು ಮೂಲತಃ ಕಿವಿ, ಮೂಗು, ಗಂಟಲಿನ ತಜ್ಞರು. ಫ್ಲೂ ಜ್ವರದ ಉಳಿಕೆ ಎಂದುಕೊಂಡಿದ್ದರು. ಅಂದು ಪರೀಕ್ಷೆ ಮಾಡಿದವರು ಹವರ್ಡ್ ಬ್ರೂನ್ ಎಂಬ ಯುವ ಹೃದ್ರೋಗ ತಜ್ಞ. 62 ವರ್ಷದ ಅಧ್ಯಕ್ಷರು ತುಸು ಹೊರಳಿದರೂ ಏದುಸಿರು ಬಿಡುತ್ತಿದ್ದರು. ತುಟಿ ನೀಲಿಗಟ್ಟಿತ್ತು. ಶ್ವಾಸಕೋಶದ ತಳದಲ್ಲಿ ನೀರು ಸೇರಿದಾಗ ಕೇಳುವ ಚರಚರ ಸದ್ದು, ಎಕ್ಸ್‌ರೇಯಲ್ಲಿ ಹಿಗ್ಗಿದ ಹೃದಯ, ಬಿಪಿ 186/108. ವರ್ಷಗಟ್ಟಲೆ ಏರಿದ ಬಿಪಿಗೆ ಎದೆಯೊಡ್ಡಿ ಹೃದಯ ಸೋತಿದೆ ಎಂದು ಬ್ರೂನ್ ತೀರ್ಮಾನಿಸಿದರು.

ಅಂಥ ಬಲಿಷ್ಠ ದೇಶದ ಅಧ್ಯಕ್ಷರಿಗೆ ಕೊಡಲು ಆಗ ಇದ್ದದ್ದು ಇಷ್ಟೇ: ವಿಶ್ರಾಂತಿ, ಉಪ್ಪು ಕಡಿಮೆ ಮಾಡಿದ ಊಟ, ತೂಕ ಇಳಿಸುವ ಸಲಹೆ ಮತ್ತು ಡಿಜಿಟಾಲಿಸ್ ಎಂಬ ಎಲೆಯ ಮದ್ದು. ಎಲೆ ತನ್ನ ಕೆಲಸ ಮಾಡಿತು. ಎರಡು ವಾರದೊಳಗೆ ಶ್ವಾಸಕೋಶ ತಿಳಿಯಾಯಿತು, ಹಿಗ್ಗಿದ ಹೃದಯ ಕೊಂಚ ಕುಗ್ಗಿತು. ಬಿಪಿಗೆ ಮಾತ್ರ ನೆಚ್ಚಬಹುದಾದ ಮಾತ್ರೆಯೇ ಇರಲಿಲ್ಲ. ರೂಸ್‌ವೆಲ್ಟ್ ಇನ್ನೊಂದು ಚುನಾವಣೆ ಗೆದ್ದರು, ಯಾಲ್ಟಾ ಸಮ್ಮೇಳನಕ್ಕೂ ಹೋಗಿಬಂದರು. 1945ರ ಏಪ್ರಿಲ್ 12ರಂದು ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಅಧ್ಯಕ್ಷರ ಕಾಯಿಲೆಯ ಪೂರ್ತಿ ವಿವರವನ್ನು ಬ್ರೂನ್ ಪ್ರಕಟಿಸಿದ್ದು 1970ರಲ್ಲಿ.

ಅವರನ್ನು ಕಾಡಿದ ಹೃದಯ ವೈಫಲ್ಯ ಎಂದರೆ ಹೃದಯ ನಿಂತುಹೋಗುವುದಲ್ಲ. ಅದು ಬಡಿಯುತ್ತಲೇ ಇರುತ್ತದೆ. ಮೈಗೆ ಬೇಕಾದಷ್ಟು ರಕ್ತ ತಳ್ಳುವ ಕಸುವು ಸಾಲದು. ಕೆಲವರಲ್ಲಿ ತಳ್ಳುವ ಶಕ್ತಿ ಸರಿಯಾಗಿದ್ದರೂ ಹೃದಯದ ಸ್ನಾಯು ಬಿಗಿದುಕೊಂಡು, ಬರುವ ರಕ್ತಕ್ಕೆ ಸಡಿಲಿ ಜಾಗ ಕೊಡುವುದಿಲ್ಲ. ಎರಡರಲ್ಲೂ ಹಿಂದೆ ಒತ್ತಡ ಏರುತ್ತದೆ. ನೀರು ಜಿನುಗಿ ಶ್ವಾಸಕೋಶಕ್ಕೆ ಸೇರುತ್ತದೆ, ಕಾಲಿಗೆ ಇಳಿಯುತ್ತದೆ, ಹೊಟ್ಟೆಯಲ್ಲಿ ನಿಲ್ಲುತ್ತದೆ. ಆಗಿಹೋದ ಹೃದಯಾಘಾತ, ಹತೋಟಿಗೆ ಬಾರದ ಬಿಪಿ, ಸಕ್ಕರೆ ಕಾಯಿಲೆ, ಚಿಕ್ಕಂದಿನಲ್ಲಿ ಬಂದ ಸಂಧಿವಾತದ ಜ್ವರ ಕೆಡಿಸಿದ ಕವಾಟ, ಸ್ನಾಯುವನ್ನೇ ಹಿಡಿದ ರೋಗ, ಹೀಗೆ ಕಾರಣ ಹಲವು.

ಕಣ್ಣಿಗೆ ಕಾಣುತ್ತಿದ್ದದ್ದು ನೀರು. ಆದ್ದರಿಂದ ಸಾವಿರಾರು ವರ್ಷ ವೈದ್ಯರು ನೀರಿಗೇ ಮದ್ದು ಕೊಟ್ಟರು. ಚರಕ ಸಂಹಿತೆಯಲ್ಲಿ ಊತಕ್ಕೊಂದು, ಹೊಟ್ಟೆ ಉಬ್ಬರಿಸುವ ಉದರ ರೋಗಗಳಿಗೊಂದು ಪ್ರತ್ಯೇಕ ಅಧ್ಯಾಯವೇ ಇದೆ. ಯುರೋಪಿನಲ್ಲೂ ಮೈ ಊದಿಕೊಳ್ಳುವುದೇ ಒಂದು ರೋಗ ಎಂದು ತಿಳಿದಿದ್ದರು. ಊದಿಕೆ ಹೃದಯದಿಂದ ಬಂದದ್ದೋ, ಮೂತ್ರಪಿಂಡದಿಂದಲೋ, ಯಕೃತ್ತಿನಿಂದಲೋ ಎಂದು ಬಿಡಿಸಿ ನೋಡುವ ದಾರಿ ಇರಲಿಲ್ಲ. ರಕ್ತ ತೆಗೆಯುವುದು, ಭೇದಿ ಮಾಡಿಸುವುದು, ಹೊಟ್ಟೆಗೆ ಸೂಜಿ ಚುಚ್ಚಿ ನೀರು ಹರಿಸುವುದು ರೂಢಿಯ ಚಿಕಿತ್ಸೆ.

1775ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಅವರ ಮುಂದೆ ಒಂದು ನಾಟಿ ಮದ್ದಿನ ವಿವರ ಬಂತು. ಶ್ರಾಪ್‌ಶೈರ್ ಸೀಮೆಯ ಒಬ್ಬ ಮುದುಕಿ ಮನೆತನದ ಗುಟ್ಟಾಗಿ ಇಟ್ಟುಕೊಂಡಿದ್ದ ಮದ್ದದು. ಓದಿದ ವೈದ್ಯರು ಕೈಚೆಲ್ಲಿದ ಊದಿಕೆಯ ರೋಗಿಗಳೂ ಕೆಲವೊಮ್ಮೆ ಅದರಿಂದ ಚೇತರಿಸಿಕೊಳ್ಳುತ್ತಿದ್ದರು. ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಗಿಡಮೂಲಿಕೆಗಳಿದ್ದವು. ವಿದರಿಂಗ್ ಸಸ್ಯಶಾಸ್ತ್ರದಲ್ಲಿ ಪಳಗಿದವರು, ಬ್ರಿಟನ್ನಿನ ಗಿಡಗಳ ಬಗ್ಗೆ ದೊಡ್ಡ ಗ್ರಂಥ ಬರೆದವರು. ಇಷ್ಟರಲ್ಲಿ ಕೆಲಸ ಮಾಡುತ್ತಿರುವುದು ಡಿಜಿಟಾಲಿಸ್ ಎಂದೂ ಕರೆಯುವ ಫಾಕ್ಸ್‌ಗ್ಲೌವ್ ಗಿಡ ಒಂದೇ ಎಂದು ಅವರಿಗೆ ಹೊಳೆಯಲು ತಡವಾಗಲಿಲ್ಲ. ಆ ಮುದುಕಿಯ ಹೆಸರನ್ನು ಅವರು ಬರೆದಿಡಲಿಲ್ಲ. ಮುಂದೆ ಪುಸ್ತಕಗಳಲ್ಲಿ ಓಡಾಡಿದ ‘ಮದರ್ ಹಟನ್’ ಎಂಬ ಹೆಸರು ಹುಟ್ಟಿದ್ದು 20ನೇ ಶತಮಾನದಲ್ಲಿ, ಅಮೆರಿಕದ ಒಂದು ಔಷಧ ಕಂಪನಿಯ ಜಾಹೀರಾತಿನಲ್ಲಿ. ಹೃದಯದ ಮದ್ದಿನ ಚರಿತ್ರೆಯ ಮೊದಲ ಪುಟದಲ್ಲಿ ಇರಬೇಕಾದ ಹೆಣ್ಣುಮಗಳು ಹೆಸರಿಲ್ಲದೇ ಉಳಿದಳು ಎಂಬುದು ನೋವಿನ ಸಂಗತಿ.

ವಿದರಿಂಗ್ ಅವರ ಹಿರಿಮೆ ಗಿಡ ಗುರುತಿಸಿದ್ದರಲ್ಲಿ ಅಷ್ಟಾಗಿ ಇಲ್ಲ, ಮುಂದಿನ ಹತ್ತು ವರ್ಷ ಅವರು ಪಟ್ಟ ಪಾಡಿನಲ್ಲಿದೆ. ಫಾಕ್ಸ್‌ಗ್ಲೌವ್ ವಿಷದ ಗಿಡ. ಮದ್ದಿನ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ಕೂದಲೆಳೆಯ ಅಂತರ. ಬರ್ಮಿಂಗ್‌ಹ್ಯಾಮ್‌ನಲ್ಲಿ ಅವರು ಮೊದಲು ಕಷಾಯ ಕಾಯಿಸಿ ಕೊಟ್ಟರು. ಒಂದೊಂದು ಸಲ ಒಂದೊಂದು ಕಸುವು. ಬೇರು ಬೇಡ, ಎಲೆ ಸಾಕು ಎಂದು ಕಂಡುಕೊಂಡರು. ಎಲೆಯ ಗುಣ ಋತುವಿನಿಂದ ಋತುವಿಗೆ ಬದಲಾಗುವುದನ್ನು ನೋಡಿ, ಗಿಡ ಹೂ ಬಿಡುವ ಹೊತ್ತಿಗೇ ಎಲೆ ಕೊಯ್ಯಬೇಕೆಂದು ಗೊತ್ತುಮಾಡಿದರು. ತೊಟ್ಟು, ನಡುನರ ತೆಗೆದು, ಬಿಸಿಲಿಗೋ ಬೆಂಕಿಯ ಮುಂದೋ ಒಣಗಿಸಿ, ತಿಕ್ಕಿ ಹಸಿರು ಪುಡಿ ಮಾಡಬೇಕು. ದೊಡ್ಡವರಿಗೆ ದಿನಕ್ಕೆ ಎರಡು ಸಲ, ಒಂದರಿಂದ ಮೂರು ಗ್ರೇನ್; ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ವಾಂತಿ, ಭೇದಿ ಶುರುವಾದರೆ, ನಾಡಿ ತೀರಾ ನಿಧಾನವಾದರೆ, ನೋಡಿದ್ದೆಲ್ಲ ಹಳದಿಯೋ ಹಸಿರೋ ಕಂಡರೆ ಕೂಡಲೇ ನಿಲ್ಲಿಸಬೇಕು. ಈ ಎಚ್ಚರಿಕೆ ಇದೇ ಕುಲದ ಗಿಡದಿಂದ ಬಂದ ಇವತ್ತಿನ ಡಿಜಾಕ್ಸಿನ್ ಮಾತ್ರೆಗೂ ಚಾಚೂ ತಪ್ಪದೆ ಹೊಂದುತ್ತದೆ.

1785ರಲ್ಲಿ ಅವರು ತಮ್ಮ 163 ರೋಗಿಗಳ ವಿವರವನ್ನು ಪುಸ್ತಕ ಮಾಡಿದರು. ಗುಣವಾದವರನ್ನಷ್ಟೇ ಆರಿಸಲಿಲ್ಲ; ಮದ್ದು ಫಲಿಸದವರ, ಮದ್ದು ಹೆಚ್ಚಾಗಿ ನರಳಿದವರ ಕಥೆಯೂ ಅಲ್ಲಿದೆ. ಊದಿಕೆ ಇಳಿಸುವ ಈ ಎಲೆ ಹೃದಯದ ಬಡಿತದ ಮೇಲೆ ಬೇರಾವ ಔಷಧಕ್ಕೂ ಇಲ್ಲದ ಹಿಡಿತ ಸಾಧಿಸುತ್ತದೆ ಎಂದೂ ಬರೆದರು. ಆದರೂ ಅವರ ಮಟ್ಟಿಗೆ ಅದು ಮೂತ್ರ ಹೆಚ್ಚಿಸುವ ಮದ್ದೇ ಆಗಿತ್ತು. ರೋಗ ಹೃದಯದ್ದು ಎಂಬ ಮಾತಿನ ಹೊಸ್ತಿಲವರೆಗೆ ಬಂದು ನಿಂತರು.

ಆ ಹೊಸ್ತಿಲು ದಾಟಲು ಹೃದಯದ ಸದ್ದು ಸ್ಪಷ್ಟವಾಗಿ ಕೇಳಬೇಕಿತ್ತು. 1816ರಲ್ಲಿ ಪ್ಯಾರಿಸ್ಸಿನ ರೆನೆ ಲೆನೆಕ್ ಕಾಗದ ಸುತ್ತಿ ಕೊಳವೆ ಮಾಡಿ ಒಬ್ಬ ಯುವತಿಯ ಎದೆಗಿಟ್ಟು ಆಲಿಸಿದರು; ಸ್ಟೆತಾಸ್ಕೋಪ್ ಹುಟ್ಟಿತು. ಜೀವವಿದ್ದಾಗ ಕೇಳಿದ್ದನ್ನು ಸತ್ತ ಮೇಲೆ ಶವ ಪರೀಕ್ಷೆಯಲ್ಲಿ ಕಂಡದ್ದರೊಂದಿಗೆ ತಾಳೆ ನೋಡುತ್ತಾ 19ನೇ ಶತಮಾನದ ವೈದ್ಯರು ಊದಿಕೆಯ ರೋಗವನ್ನು ಹೃದಯದ್ದು, ಮೂತ್ರಪಿಂಡದ್ದು, ಯಕೃತ್ತಿನದು ಎಂದು ಬೇರೆಬೇರೆ ಮಾಡಿದರು.

ನಿರ್ಣಯ ಮುಂದೆ ಹೋಯಿತು, ಚಿಕಿತ್ಸೆ ಹಿಂದೆಯೇ ಉಳಿಯಿತು. 1877ರಲ್ಲಿ ಲಂಡನ್ನಿನ ರೆಜಿನಾಲ್ಡ್ ಸೌದಿ, ಊದಿದ ಕಾಲಿನ ಚರ್ಮಕ್ಕೆ ಸಣ್ಣ ಕೊಳವೆ ತೂರಿಸಿ ಅದಕ್ಕೆ ರಬ್ಬರ್ ನಳಿಕೆ ಕಟ್ಟಿ, ನೀರನ್ನು ತೊಟ್ಟುತೊಟ್ಟಾಗಿ ಇಳಿಸುವ ವಿಧಾನ ತಂದರು. ಮಂಚದಲ್ಲಿ ಮಲಗಲಾಗದೆ ಕುರ್ಚಿಯಲ್ಲೇ ರಾತ್ರಿ ಕಳೆಯುವ ರೋಗಿ, ಎರಡೂ ಕಾಲಿಗೆ ಕೊಳವೆ, ಕೆಳಗೆ ಪಾತ್ರೆ: 20ನೇ ಶತಮಾನ ಕಾಲಿಟ್ಟ ಮೇಲೂ ಆಸ್ಪತ್ರೆಗಳಲ್ಲಿ ಈ ನೋಟ ಇತ್ತು.

1919ರ ಅಕ್ಟೋಬರ್‌ನಲ್ಲಿ ವಿಯೆನ್ನಾದಲ್ಲಿ ನಡೆದದ್ದು ನರ್ಸ್‌ಗಳ ಶ್ರದ್ಧೆಯಿಂದ ದಕ್ಕಿದ ಫಲ. ಅಲ್ಲಿನ ಆಸ್ಪತ್ರೆಯ ವಾರ್ಡ್‌ನಲ್ಲಿ ಹುಟ್ಟಿನಿಂದಲೇ ಸಿಫಿಲಿಸ್ ಇದ್ದ ಹುಡುಗಿಯೊಬ್ಬಳಿಗೆ ಆಲ್‌ಫ್ರೆಡ್ ಫೋಗ್ಲ್ ಎಂಬ ವೈದ್ಯಕೀಯ ವಿದ್ಯಾರ್ಥಿ ಪಾದರಸದ ಒಂದು ಹೊಸ ಇಂಜೆಕ್ಷನ್ ಕೊಟ್ಟ. ರೋಗಿಗಳ ಮೂತ್ರ ಅಳೆದು ದಿನವೂ ಬರೆದಿಡುವುದು ಆ ವಾರ್ಡಿನ ನರ್ಸ್‌ಗಳ ಪದ್ಧತಿ. ಇಂಜೆಕ್ಷನ್ ಬಿದ್ದ ದಿನಗಳಲ್ಲಿ ಅಳತೆ ಏಕಾಏಕಿ ಏರಿದ್ದು ಆ ಪಟ್ಟಿಯಲ್ಲಿ ಎದ್ದು ಕಂಡಿತು. ಊದಿಕೊಂಡ ಹೃದ್ರೋಗಿಗಳಿಗೂ ಕೊಟ್ಟು ನೋಡಿದರು. ಲೀಟರುಗಟ್ಟಲೆ ನೀರು ಇಳಿಯಿತು. ಮುಂದಿನ ಮೂರು ದಶಕ ಪಾದರಸದ ಇಂಜೆಕ್ಷನ್ನೇ ಗತಿಯಾಯಿತು. ಮೂತ್ರಪಿಂಡಕ್ಕೆ ಅದು ಒಳ್ಳೆಯದಲ್ಲ ಎಂದು ಗೊತ್ತಿತ್ತು, ಬೇರೆ ದಾರಿ ಇರಲಿಲ್ಲ. 1950ರ ದಶಕದ ಕೊನೆಗೆ ಥಯಾಜೈಡ್ ಮಾತ್ರೆಗಳು, 60ರ ದಶಕದಲ್ಲಿ ಲ್ಯಾಸಿಕ್ಸ್ ಹೆಸರಿನಲ್ಲಿ ಮನೆಮಾತಾದ ಫ್ಯೂರೊಸೆಮೈಡ್ ಬಂದ ಮೇಲೆ ಕೊಳವೆ, ಪಾದರಸ ಎರಡೂ ಮೂಲೆ ಸೇರಿದವು. ಉಸಿರಿಗೆ ಒದ್ದಾಡುವ ರೋಗಿಗೆ ಲ್ಯಾಸಿಕ್ಸ್ ಇಂಜೆಕ್ಷನ್ ಕೊಟ್ಟು, ಗಂಟೆಯೊಳಗೆ ಆತ ಮಲಗುವಂತಾಗುವುದನ್ನು ಕಂಡವರಿಗೆ ಅದರ ಬೆಲೆ ಗೊತ್ತು. ಆದರೂ ಅದು ನೀರಿನ ಮದ್ದೇ. ದಣಿದ ಹೃದಯ ಇದ್ದ ಹಾಗೇ ಇತ್ತು.

ಹೃದಯವನ್ನು ಕಣ್ಣಾರೆ ಕಾಣುವ ದಾರಿ ತೆರೆದದ್ದು ಹಡಗುಕಟ್ಟೆಯಿಂದ. ಸ್ವೀಡನ್ನಿನ ಲುಂಡ್ ನಗರದ ಹೃದ್ರೋಗ ತಜ್ಞ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್‌ಮುತ್ ಹರ್ಟ್ಸ್, ಲೋಹದಲ್ಲಿ ಬಿರುಕು ಹುಡುಕುವ ಶ್ರವಣಾತೀತ ಧ್ವನಿಯ ಯಂತ್ರವನ್ನು ಮಾಲ್ಮೋ ಬಂದರಿನ ಹಡಗು ಕಾರ್ಖಾನೆಯಿಂದ ಎರವಲು ತಂದು ಎದೆಗಿಟ್ಟು ನೋಡಿದರು. 1953ರ ಅಕ್ಟೋಬರ್ 29ರಂದು ಇನ್ನೊಂದು ಯಂತ್ರದಲ್ಲಿ ಬಡಿಯುವ ಹೃದಯದ ಗೋಡೆಯ ಚಲನೆಯನ್ನು ದಾಖಲಿಸಿದರು. ಇವತ್ತು ಜಿಲ್ಲಾ ಕೇಂದ್ರಗಳಲ್ಲೂ ಮಾಡಿಸುವ ಎಕೋ ಪರೀಕ್ಷೆಯ ಮೂಲ ಅದು. ಎಡ ಹೃತ್ಕುಕ್ಷಿ ತುಂಬಿಕೊಂಡ ರಕ್ತದಲ್ಲಿ ಪ್ರತಿ ಬಡಿತಕ್ಕೆ ಎಷ್ಟು ಪಾಲು ಹೊರದಬ್ಬುತ್ತದೆ ಎಂಬುದು ಎಕೋ ವರದಿಯಲ್ಲಿ ‘ಇಎಫ್’ ಎಂದಿರುತ್ತದೆ. ಆರೋಗ್ಯವಂತರಲ್ಲಿ ನೂರಕ್ಕೆ 55ರಿಂದ 70. 40 ಅಥವಾ ಅದಕ್ಕಿಂತ ಕೆಳಗಿದ್ದರೆ ತಳ್ಳುವ ಶಕ್ತಿ ಕುಂದಿದೆ ಎಂದರ್ಥ. 50ಕ್ಕಿಂತ ಮೇಲಿದ್ದೂ ಹೃದಯ ವೈಫಲ್ಯ ಇರಬಹುದು. ಸ್ನಾಯು ಬಿಗಿದವರದು ಈ ಬಗೆ. ಹಿಗ್ಗಿದ ಹೃದಯ ತಾನೇ ಸುರಿಸುವ ಬಿಎನ್‌ಪಿ ಎಂಬ ಹಾರ್ಮೋನನ್ನು ಜಪಾನಿನ ವಿಜ್ಞಾನಿಗಳು 1988ರಲ್ಲಿ ಹಂದಿಯ ಮಿದುಳಿನಲ್ಲಿ ಕಂಡುಹಿಡಿದರು. ಏದುಸಿರು ಬಂದದ್ದು ಹೃದಯದಿಂದಲೋ ಶ್ವಾಸಕೋಶದಿಂದಲೋ ಎಂದು ಬಿಡಿಸಲು ಈಗ ಅದರ ರಕ್ತಪರೀಕ್ಷೆ ನೆರವಾಗುತ್ತದೆ.

ಹೃದಯಕ್ಕೇ ಮದ್ದು ಸಿಕ್ಕಿದ್ದು ತೀರಾ ಈಚೆಗೆ, ಅದೂ ದೇಹದ ಒಂದು ಒಳಗುಟ್ಟು ತಿಳಿದ ಮೇಲೆ. ಹೃದಯ ಸೋತಾಗ ಮೂತ್ರಪಿಂಡಕ್ಕೆ ರಕ್ತ ಕಡಿಮೆ ಬೀಳುತ್ತದೆ. ಮೈಯಲ್ಲಿ ನೀರು ಸಾಲದು ಎಂದು ಬಗೆದು ಅದು ಉಪ್ಪು, ನೀರು ಎರಡನ್ನೂ ಹಿಡಿದಿಡುತ್ತದೆ, ರಕ್ತನಾಳ ಬಿಗಿಯುತ್ತದೆ. ಅಡ್ರಿನಲಿನ್ ಉಕ್ಕಿ ಬಳಲಿದ ಎತ್ತಿಗೆ ಬಾರುಕೋಲಿನ ಏಟು ಬಿದ್ದ ಹಾಗೆ ಹೃದಯ ಇನ್ನಷ್ಟು ಓಡುತ್ತದೆ, ಇನ್ನಷ್ಟು ಸೋಲುತ್ತದೆ. ಈ ಸುಳಿಯನ್ನು ಕಡಿಯುವ ಮೊದಲ ಸುಳಿವು ಬ್ರೆಜಿಲ್‌ನ ಜರರಾಕ ಎಂಬ ಮಂಡಲ ಜಾತಿಯ ಹಾವಿನ ವಿಷದಲ್ಲಿತ್ತು. ಕಚ್ಚಿಸಿಕೊಂಡವರ ಬಿಪಿ ಕುಸಿಯುತ್ತದೆ. ಅಲ್ಲಿನ ವಿಜ್ಞಾನಿ ಸೆರ್ಜಿಯೊ ಫೆರೇರಾ 1960ರ ದಶಕದಲ್ಲಿ ಆ ವಿಷದ ಅಂಶವನ್ನು ಲಂಡನ್ನಿನ ಪ್ರಯೋಗಾಲಯಕ್ಕೆ ಒಯ್ದರು. ಅದರ ಜಾಡು ಹಿಡಿದು ತಯಾರಾದ ಕ್ಯಾಪ್ಟೊಪ್ರಿಲ್‌ಗೆ 1981ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದೇ ಕುಲದ ಎನಲಾಪ್ರಿಲ್ ಮಾತ್ರೆಯನ್ನು ತೀರಾ ಹದಗೆಟ್ಟ 253 ರೋಗಿಗಳಲ್ಲಿ ಪರೀಕ್ಷಿಸಿದ ಫಲಿತಾಂಶ 1987ರಲ್ಲಿ ಬಂತು. ಆರು ತಿಂಗಳಲ್ಲಿ ಹುಸಿಮಾತ್ರೆ ನುಂಗಿದವರಲ್ಲಿ ನೂರಕ್ಕೆ 44 ಮಂದಿ ಸತ್ತಿದ್ದರು, ಎನಲಾಪ್ರಿಲ್ ಪಡೆದವರಲ್ಲಿ 26.

ಬೀಟಾ ಬ್ಲಾಕರ್‌ಗಳ ಕಥೆ ಇನ್ನೂ ವಿಶೇಷ. ಬಡಿತ ಕುಗ್ಗಿಸುವ ಈ ಮಾತ್ರೆಯನ್ನು ಸೋತ ಹೃದಯಕ್ಕೆ ಕೊಡಲೇಬಾರದು ಎಂದು ಪಾಠ ಹೇಳುತ್ತಿದ್ದರು. 1975ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಫಿನ್ ವಾಗ್‌ಸ್ಟೈನ್ ಮತ್ತು ಸಂಗಡಿಗರು ಏಳು ರೋಗಿಗಳಿಗೆ ಕೊಟ್ಟು, ಅವರು ಸುಧಾರಿಸಿದ್ದನ್ನು ಪ್ರಕಟಿಸಿದಾಗ ನಂಬಿದವರು ಕಡಿಮೆ. 1999ರಲ್ಲಿ ಸಾವಿರಾರು ರೋಗಿಗಳ ಎರಡು ದೊಡ್ಡ ಅಧ್ಯಯನಗಳು ಸಾವು ಮೂರರಲ್ಲೊಂದು ಪಾಲು ಇಳಿಯುತ್ತದೆ ಎಂದು ತೋರಿಸಿದವು. ನಿಷಿದ್ಧವಾಗಿದ್ದ ಔಷಧ ಕಡ್ಡಾಯದ ಪಟ್ಟಿಗೆ ಸೇರಲು 24 ವರ್ಷ ಹಿಡಿಯಿತು. ಈ ನಡುವೆ 1997ರಲ್ಲಿ 6,800 ರೋಗಿಗಳ ಪರೀಕ್ಷೆ ವಿದರಿಂಗ್ ಅವರ ಎಲೆಯ ಜಾತಕವನ್ನೂ ಬಿಡಿಸಿತು: ಡಿಜಾಕ್ಸಿನ್ ಆಸ್ಪತ್ರೆ ಸೇರುವುದನ್ನು ತಗ್ಗಿಸುತ್ತದೆ, ಆಯಸ್ಸು ಹೆಚ್ಚಿಸುವುದಿಲ್ಲ. ಮೂತ್ರ ಹೆಚ್ಚಿಸುವ ಹಳೆಯ ಮಾತ್ರೆ ಸ್ಪೈರೊನೊಲ್ಯಾಕ್ಟೋನ್ 1999ರಲ್ಲಿ ಹೊಸ ಮರ್ಯಾದೆ ಪಡೆಯಿತು. ಸಕ್ಕರೆ ಕಾಯಿಲೆಗೆಂದು ಬಂದ ಡಪಾಗ್ಲಿಫ್ಲೋಜಿನ್, ಸಕ್ಕರೆ ಕಾಯಿಲೆ ಇಲ್ಲದ ಹೃದಯ ವೈಫಲ್ಯದವರಿಗೂ ಒಳಿತು ಮಾಡುತ್ತದೆ ಎಂದು 2019ರಲ್ಲಿ ಗೊತ್ತಾಯಿತು.

ಮಾತ್ರೆಗೆ ಬಗ್ಗದ ಕೆಲವರಿಗೆ ಬಡಿತ ಹೊಂದಿಸುವ ಪೇಸ್‌ಮೇಕರ್ ಇದೆ, ಕೊನೆಯ ದಾರಿಯಾಗಿ ಹೃದಯ ಕಸಿ ಇದೆ. ಭಾರತದಲ್ಲಿ ಮೊದಲ ಪ್ರಯತ್ನ ಮಾಡಿದವರು ಮುಂಬೈ ಕೆಇಎಂ ಆಸ್ಪತ್ರೆಯ ಡಾ. ಪಿ.ಕೆ. ಸೇನ್, 1968ರ ಫೆಬ್ರುವರಿಯಲ್ಲಿ. ರೋಗಿ ಕೆಲವೇ ಗಂಟೆ ಬದುಕಿದರು. ಮೊದಲ ಯಶಸ್ಸು 1994ರ ಆಗಸ್ಟ್ 3ರಂದು, ದೆಹಲಿಯ ಏಮ್ಸ್‌ನಲ್ಲಿ ಡಾ. ಪಿ. ವೇಣುಗೋಪಾಲ್ ಅವರಿಂದ. ಕರ್ನಾಟಕದಲ್ಲಿ ಅಂಗಾಂಗ ದಾನ, ಹಂಚಿಕೆಯ ಹೊಣೆ ‘ಜೀವಸಾರ್ಥಕತೆ’ ಸಂಸ್ಥೆಯದು.

ಇಷ್ಟು ಮದ್ದಿದ್ದೂ ಅದು ರೋಗಿಯ ಕೈ ಸೇರುತ್ತಿಲ್ಲ. ತಿರುವನಂತಪುರದ 18 ಆಸ್ಪತ್ರೆಗಳಲ್ಲಿ 2013ರಲ್ಲಿ ದಾಖಲಾದ 1,205 ಹೃದಯ ವೈಫಲ್ಯದ ರೋಗಿಗಳ ಸರಾಸರಿ ವಯಸ್ಸು ಸುಮಾರು 61. ಶ್ರೀಮಂತ ದೇಶಗಳ ರೋಗಿಗಳಿಗಿಂತ ಹತ್ತು ವರ್ಷದಷ್ಟು ಚಿಕ್ಕವರು. ನೂರಕ್ಕೆ 72 ಮಂದಿಗೆ ಕಾರಣ ಹೃದಯದ ರಕ್ತನಾಳದ ಕಾಯಿಲೆ. ತಳ್ಳುವ ಶಕ್ತಿ ಕುಂದಿದವರಲ್ಲಿ, ಕೊಡಲೇಬೇಕಾದ ಔಷಧಗಳೆಲ್ಲ ಚೀಟಿಯಲ್ಲಿ ಇದ್ದು ಮನೆಗೆ ಹೋದವರು ಕಾಲುಭಾಗ ಮಾತ್ರ. ಆರೋಗ್ಯ ವ್ಯವಸ್ಥೆಗೆ ಹೆಸರಾದ ಕೇರಳದ ಅಂದಿನ ಸ್ಥಿತಿ ಇದು.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಮನೆಯ ಹಿರಿಯರು ತಲೆದಿಂಬಿನ ಮೇಲೆ ಇನ್ನೊಂದು ದಿಂಬು ಕೇಳತೊಡಗಿದರೆ, ನಡುರಾತ್ರಿ ಉಸಿರು ಕಟ್ಟಿ ಎದ್ದು ಕೂತರೆ, ಸಂಜೆಗೆ ಊದಿದ ಪಾದವನ್ನು ಬೆರಳಿಂದ ಒತ್ತಿದಾಗ ಗುಳಿ ಬಿದ್ದರೆ, ಎರಡು ಮೂರು ದಿನದಲ್ಲಿ ತೂಕ ಎರಡು ಕೆ.ಜಿ. ಏರಿದರೆ ವಯಸ್ಸಾಯಿತು ಎಂದು ಸುಮ್ಮನಿರಬೇಡಿ. ವೈದ್ಯರಲ್ಲಿ ಕರೆದೊಯ್ದು ಎಕೋ ಮಾಡಿಸಬೇಕೇ ಎಂದು ಕೇಳಿ. ಉಸಿರು ಹಗುರಾಯಿತು, ಊತ ಇಳಿಯಿತು ಎಂದು ಮಾತ್ರೆ ನಿಲ್ಲಿಸಲು ಬಿಡಬೇಡಿ. ಇಳಿದಿರುವುದು ನೀರು, ಹೃದಯಕ್ಕೆ ಮದ್ದು ಇನ್ನೂ ಬೇಕು.