ದೈನೊಸ್: ಒಂದು ಗ್ರೀಕ್ ಗುಣವಾಚಕದ ರೂಪ ಮತ್ತು ಅರ್ಥ

ಪ್ರಾಚೀನ ಗ್ರೀಕ್‌ನ ‘ದೈನೊಸ್’ ಎಂಬ ಗುಣವಾಚಕಕ್ಕೆ ಭಯಂಕರ, ಪ್ರಬಲ, ಅದ್ಭುತ, ನಿಪುಣ ಎಂಬ ಅರ್ಥಗಳಿವೆ. ಭಯವನ್ನು ಸೂಚಿಸುವ ‘ದೆಒಸ್’ ಎಂಬ ನಾಮಪದ ಇದರ ಸಂಬಂಧಿ. ಮೂಲದಲ್ಲಿ ಇದರ ದಕಾರಕ್ಕೆ ವಕಾರದ ಒತ್ತಿತ್ತು. ಕ್ರಿ.ಪೂ. 7ನೆಯ ಶತಮಾನದ ಕೊರಿಂಥ್‌ನ ಸಮಾಧಿಶಾಸನವೊಂದು ಇದೇ ಧಾತುವಿನ ದೈನಿಯಾಸ್ ಎಂಬ ಹೆಸರನ್ನು ಆ ವಕಾರದೊಡನೆಯೇ ಬರೆದಿದೆ. ಹೋಮರನ ಪಠ್ಯದಲ್ಲಿ ಆ ಅಕ್ಷರವಿಲ್ಲ. ಛಂದಸ್ಸಿನಲ್ಲಿ ಮಾತ್ರ ಉಳಿದಿದೆ. ಈ ಪದದ ಹಿಂದಿನ ಲಘು ಹಲವೆಡೆ ಗುರುವಾಗುತ್ತದೆ, ಕನ್ನಡದಲ್ಲಿ ಒತ್ತಕ್ಷರದ ಹಿಂದೆ ಆಗುವ ಹಾಗೆಯೇ.

ಪುಲ್ಲಿಂಗದಲ್ಲಿ ದೈನೊಸ್, ಸ್ತ್ರೀಲಿಂಗದಲ್ಲಿ ದೈನೇ, ನಪುಂಸಕದಲ್ಲಿ ದೈನೊನ್. ತರತಮ ರೂಪಗಳು ದೈನೊತೆರೊಸ್, ದೈನೊತತೊಸ್. ಹಿಂದಿನ ಅಕ್ಷರ ಗುರುವಾದ್ದರಿಂದ ಇಲ್ಲಿ ಒಕಾರ ಹ್ರಸ್ವವಾಗಿಯೇ ನಿಲ್ಲುತ್ತದೆ. ಲಘುವಿದ್ದರೆ, ‘ಸೊಫೋತೆರೊಸ್’ನಲ್ಲಿರುವಂತೆ, ದೀರ್ಘವಾಗುತ್ತಿತ್ತು. ಕ್ರಿಯಾವಿಶೇಷಣ ‘ದೈನೋಸ್’. ಒ-ಓ ಭೇದವಿರುವ ಕನ್ನಡ ಲಿಪಿಗೆ ಇದನ್ನು ತೋರಿಸಲು ವಿಶೇಷ ಚಿಹ್ನೆ ಬೇಕಿಲ್ಲ.

ಅರ್ಥದ ಕಥೆ ಇಷ್ಟು ಸರಳವಲ್ಲ. ಇಲಿಯಡ್‌ನ 3ನೆಯ ಕಾಂಡದಲ್ಲಿ ಹೆಲೆನ್ ತನ್ನ ಮಾವ ಪ್ರಿಯಾಮನನ್ನು ದೈನೊಸ್ ಎನ್ನುತ್ತಾಳೆ. ಪ್ರಿಯಾಮ ಅವಳನ್ನು ಅಕ್ಕರೆಯಿಂದ ಕಂಡವನು. ಆದ್ದರಿಂದ ಅಲ್ಲಿರುವುದು ಹೆದರಿಕೆಗಿಂತ ಭಯಭಕ್ತಿ. ಅಥೆನ್ಸ್‌ನಲ್ಲಿ ಮಾತಿನ ಚತುರನನ್ನು ‘ಮಾತಾಡುವುದರಲ್ಲಿ ದೈನೊಸ್’ ಎನ್ನುವುದು ರೂಢಿಯಾಯಿತು. ‘ಭಯಂಕರ ಬುದ್ಧಿವಂತ’ ಎನ್ನುವ ಕನ್ನಡಿಗರಿಗೆ ಇದು ವಿಚಿತ್ರವೆನಿಸದು. ಸೋಫಿಸ್ಟ್ ಚಿಂತಕ ಪ್ರೋದಿಕೊಸ್‌ಗೆ ಮಾತ್ರ ಈ ಬಳಕೆ ಹಿಡಿಸಲಿಲ್ಲ: ರೋಗ, ಯುದ್ಧ, ಬಡತನಗಳಿಗೆ ಸಲ್ಲುವ ಪದವನ್ನು ಒಳ್ಳೆಯದಕ್ಕೆ ಬಳಸಬಾರದೆಂದು ಅವನು ತಿದ್ದುತ್ತಿದ್ದನೆಂದು ಪ್ಲೇಟೊನ ‘ಪ್ರೊತಾಗೊರಸ್’ ಸಂವಾದದಲ್ಲಿದೆ. ಆಕ್ಷೇಪ ತರ್ಕಬದ್ಧವೇ, ಆದರೆ ಭಾಷೆ ಅದಕ್ಕೆ ಕಿವಿಗೊಡಲಿಲ್ಲ. ಈ ಪದದ ಕೇಂದ್ರದಲ್ಲಿರುವುದು ಕೇವಲ ಭಯವಲ್ಲ, ಅಳತೆ ಮೀರಿದ ಶಕ್ತಿ. ಅದು ಕೇಡಿನದೋ ಒಳಿತಿನದೋ ಎಂಬುದನ್ನು ಸಂದರ್ಭ ಹೇಳಬೇಕು.

ಸೊಫೊಕ್ಲೀಸ್ ಈ ಇಬ್ಬಂದಿತನವನ್ನೇ ದುಡಿಸಿಕೊಂಡ. ‘ಆಂತಿಗೊನೆ’ ನಾಟಕದ ಮೇಳಗೀತದಲ್ಲಿ ಮನುಷ್ಯನಿಗಿಂತ ದೈನೊಸ್ ಆದದ್ದು ಬೇರೊಂದಿಲ್ಲ. ಕಡಲು ದಾಟುವ, ನೆಲ ಉಳುವ ಅವನ ಜಾಣ್ಮೆಯನ್ನು ಹೊಗಳುತ್ತ ಹೋಗುವ ಮೇಳ, ಅದೇ ಜಾಣ್ಮೆ ಕೇಡಿಗೂ ಒಯ್ಯಬಲ್ಲದೆನ್ನುತ್ತದೆ. ಅಲ್ಲಿ ‘ಅದ್ಭುತ’ ಎಂದಷ್ಟೇ ಅನುವಾದಿಸಿದರೆ ಅರ್ಧ ಅರ್ಥ ಸೋರಿಹೋಗುತ್ತದೆ. ಅರಿಸ್ಟಾಟಲ್ ನೀತಿಶಾಸ್ತ್ರದ 6ನೆಯ ಭಾಗದಲ್ಲಿ ‘ದೈನೊತೇಸ್’ ಎಂಬ ಭಾವನಾಮವನ್ನು ಗುರಿ ಸಾಧಿಸುವ ಸಾಮರ್ಥ್ಯವೆಂದು ವಿವರಿಸಿ, ಗುರಿ ಒಳ್ಳೆಯದಾದರೆ ಅದು ಶ್ಲಾಘ್ಯ, ಕೆಟ್ಟದಾದರೆ ಕುಯುಕ್ತಿ ಎಂದ.

1842ರಲ್ಲಿ ಜೀವವಿಜ್ಞಾನಿ ರಿಚರ್ಡ್ ಓವನ್ ಈ ಪದದಿಂದಲೇ ‘ಡೈನೋಸಾರ್’ ಹೆಸರನ್ನು ಕಟ್ಟಿದ. ಅವನು ಉದ್ದೇಶಿಸಿದ ಅರ್ಥ ಭಯಹುಟ್ಟಿಸುವಷ್ಟು ದೊಡ್ಡದು ಎಂದು; ‘ಭಯಂಕರ ಹಲ್ಲಿ’ ಎಂಬ ಜನಪ್ರಿಯ ವಿವರಣೆಯಲ್ಲಿ ಆ ದೊಡ್ಡತನ ಬಿಟ್ಟುಹೋಗಿದೆ.