ಕಾಗೆಯ ಗೂಡಿನಲ್ಲಿ ಕೋಗಿಲೆಮರಿ: ಊರಿಗಾಂ ಪರಿಸರದ ಹಿನ್ನೆಲೆಯಲ್ಲಿ ಒಂದು ಮರುಪರಿಶೀಲನೆ

ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ, ಕಾವು ಕೊಟ್ಟು ಮರಿಯನ್ನು ಸಾಕುವುದು ಕಾಗೆ ಎಂಬ ಬಗ್ಗೆ ಭಿನ್ನಮತವಿಲ್ಲ. ಸಂತಾನಪಾಲನೆಯ ಹೊರೆಯನ್ನು ಅನ್ಯಜಾತಿಗೆ ಹೊರಿಸುವ ಈ ಪರಿಯನ್ನು, ಅಂದರೆ ಗೂಡು-ಪರಾವಲಂಬನೆಯನ್ನು, ಡಗ್ಲಾಸ್ ಡೆವಾರ್ 1907ರಲ್ಲಿಯೇ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ದೀರ್ಘವಾಗಿ ಚರ್ಚಿಸಿದ್ದಾನೆ. ವಿವಾದವಿರುವುದು ಅದೇ ಗೂಡಿನ ಕಾಗೆಮರಿಗಳು ಏಕೆ ಸಾಯುತ್ತವೆ ಎಂಬುದರಲ್ಲಿ.

ಯೂರೋಪಿನ ಕುಕ್ಕೂ ಹಕ್ಕಿಯ ಮರಿ ಕಣ್ಣು ಬಿಡುವ ಮೊದಲೇ ಉಳಿದ ಮೊಟ್ಟೆ-ಮರಿಗಳನ್ನು ಬೆನ್ನಿನ ಮೇಲೇರಿಸಿ ಗೂಡಿನಾಚೆಗೆ ನೂಕುವುದನ್ನು ಎಡ್ವರ್ಡ್ ಜೆನ್ನರ್ 1788ರಲ್ಲಿ ವರ್ಣಿಸಿದನು. ಆ ವರ್ಣನೆಯನ್ನು ನಮ್ಮ ಕೋಗಿಲೆಗೂ ಹೊಂದಿಸುವ ರೂಢಿ ಜನಪ್ರಿಯ ಬರಹಗಳಲ್ಲಿ ಇಂದಿಗೂ ಉಳಿದಿದೆ. ಆದರೆ ಅದಕ್ಕೆ ಆಧಾರ ದುರ್ಬಲ. ಒಂದೇ ಗೂಡಿನಲ್ಲಿ ಒಂದಕ್ಕಿಂತ ಹೆಚ್ಚು ಕೋಗಿಲೆಮರಿಗಳು ಕಾಗೆಮರಿಗಳ ಜೊತೆಯಲ್ಲಿಯೇ ಬೆಳೆದ ದಾಖಲೆಗಳಿವೆ. ನೂಕುವ ಸಹಜಪ್ರವೃತ್ತಿ ಪ್ರಬಲವಾಗಿದ್ದಲ್ಲಿ ಅವು ಪರಸ್ಪರರನ್ನೂ ಉಳಿಸುತ್ತಿರಲಿಲ್ಲ. ಆಸ್ಟ್ರೇಲಿಯಾದ ಕೋಗಿಲೆಯ ಮರಿ ಆಶ್ರಯದಾತ ಹಕ್ಕಿಯ ಮರಿಗಳನ್ನು ಹೊರದಬ್ಬುತ್ತದೆ, ನಿಜ. ಆದರೆ ಅದನ್ನು ಸಾಕುವ ಹಕ್ಕಿಗಳು ಅದಕ್ಕಿಂತ ಚಿಕ್ಕವು. ಕಾಗೆಯ ಆಳವಾದ ಗೂಡಿನಿಂದ ತನಗಿಂತ ದೊಡ್ಡ ಮೊಟ್ಟೆಯನ್ನು ಮೇಲೆತ್ತುವುದು ಇಲ್ಲಿಯ ಮರಿಗೆ ಶಕ್ತಿವ್ಯಯವೂ ಹೌದು, ತಾನೇ ಉರುಳಿಬೀಳುವ ಅಪಾಯವೂ ಹೌದು.

ಹಾಗಿದ್ದಲ್ಲಿ ಕೊಲ್ಲುವುದು ಹಸಿವು. ಕೋಗಿಲೆಮೊಟ್ಟೆ 12ರಿಂದ 14 ದಿನಗಳಲ್ಲಿ ಒಡೆಯುತ್ತದೆ, ಕಾಗೆಯದಕ್ಕೆ 16-17 ದಿನ ಬೇಕು; ಈ ಮೂರು ದಿನಗಳ ಮುನ್ನಡೆಯಲ್ಲಿ ಮೈತುಂಬಿಕೊಂಡ ಮರಿ ಎಲ್ಲಕ್ಕಿಂತ ಎತ್ತರಕ್ಕೆ ಕೊಕ್ಕು ತೆರೆದು ತುತ್ತನ್ನು ಮೊದಲು ಪಡೆಯುತ್ತದೆ. ಆಹಾರ ಕಡಿಮೆಯಾದಾಗ ಕೊನೆಗೆ ಹುಟ್ಟಿದ ಮರಿ ಸಾಯುವಂತಾಗುವ ವ್ಯವಸ್ಥೆಯನ್ನು ಡೇವಿಡ್ ಲ್ಯಾಕ್ 1947ರಲ್ಲಿ ವಿವರಿಸಿದ್ದನು. ಕೋಗಿಲೆ ಹೊಸದೊಂದು ಕೊಲೆಯ ವಿಧಾನವನ್ನು ತರಲಿಲ್ಲ, ಕಾಗೆಯ ಸಂಸಾರದಲ್ಲಿ ಮೊದಲೇ ಇದ್ದ ಅಸಮಾನತೆಯನ್ನು ಬಳಸಿಕೊಂಡಿತು ಎಂದು ಇಲ್ಲಿ ಸೂಚಿಸಲಾಗಿದೆ. ಈ ಮಾತಿಗೆ ಮಿತಿಗಳಿವೆ: ಹೆಣ್ಣುಕೋಗಿಲೆ ಮೊಟ್ಟೆಯಿಡುವಾಗ ಕಾಗೆಮೊಟ್ಟೆಯನ್ನು ನಾಶಮಾಡಿದ್ದರೆ ಆ ನಷ್ಟವನ್ನು ಮರಿಯ ಲೆಕ್ಕಕ್ಕೆ ಸೇರಿಸಲಾಗದು, ಕೋಗಿಲೆಯಿಲ್ಲದ ಗೂಡಿನಲ್ಲಿಯೂ ಕಿರಿಯ ಕಾಗೆಮರಿ ಸಾಯಬಹುದಾದುದರಿಂದ ಪ್ರತಿಯೊಂದು ಸಾವಿಗೂ ಅತಿಥಿಯೇ ಹೊಣೆಯಲ್ಲ.

ಈ ವಾದವನ್ನು ಪರೀಕ್ಷಿಸಲು ಬಂಗಾರಪೇಟೆ-ಮಾರಿಕುಪ್ಪಂ ರೈಲುಮಾರ್ಗದ ಆಸುಪಾಸು ಅನುಕೂಲವಾದ ನೆಲ. ಒಂದು ಕೊನೆಯಲ್ಲಿ ಜಂಕ್ಷನ್ನಿನ ಸಂದಣಿ ಮತ್ತು ಪಾನಿಪುರಿಗೆ ಹೆಸರಾದ ಬಂಗಾರಪೇಟೆಯ ಅಂಗಡಿಬೀದಿಗಳಿವೆ (ಕಾಗೆಗೆ ಇದಕ್ಕಿಂತ ಸುಲಭದ ಊಟ ಬೇರೆಲ್ಲಿ ಸಿಕ್ಕೀತು?), ಇತ್ತ ಅದೇ ಮಾರ್ಗದ ಊರಿಗಾಂ ಸುತ್ತ, ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿದ ಬಳಿಕ ಸದ್ದಡಗಿದ ಕಟ್ಟಡಗಳಿವೆ. ಹಸಿವೇ ಕಾರಣವಾದಲ್ಲಿ, ಎಂಜಲು ಹೇರಳವಾದ ಕಡೆ ಕೋಗಿಲೆಮರಿಯ ಜೊತೆಗೆ ಹಾರಿಹೋಗುವ ಕಾಗೆಮರಿಗಳು ಹೆಚ್ಚಿರಬೇಕು. ನೂಕುವಿಕೆ ಕಾರಣವಾದಲ್ಲಿ ಎರಡು ಕಡೆಗಳಲ್ಲಿಯೂ ವ್ಯತ್ಯಾಸ ಕಾಣಬಾರದು. ಕೋಗಿಲೆಯಿರುವ ಗೂಡುಗಳನ್ನೂ ಇಲ್ಲದವುಗಳನ್ನೂ ಒಟ್ಟಿಗೆ ಗಮನಿಸದೆ ಈ ಹೋಲಿಕೆ ನಿಲ್ಲದು.

ಗೂಡು ಬಿಡುವ ಹಂತ ಇನ್ನೂ ಜಟಿಲವಾದುದು. ಕೋಗಿಲೆಮರಿ 20ರಿಂದ 28 ದಿನಗಳಲ್ಲಿ ಹೊರಬಂದರೂ ಕಾಗೆ ಅದಕ್ಕೆ ತುತ್ತು ಕೊಡುವುದನ್ನು ನಿಲ್ಲಿಸುವುದಿಲ್ಲ. ಅನ್ನ, ಮಾಂಸ, ಹುಳುಗಳಿಂದ ಬೆಳೆದ ಆ ಮರಿ ಪ್ರೌಢಾವಸ್ಥೆಯಲ್ಲಿ ಮುಖ್ಯವಾಗಿ ಹಣ್ಣು ತಿನ್ನುತ್ತದೆ. ಹೆಣ್ಣುಕೋಗಿಲೆ ಮರಿಗೆ ಉಣಿಸಿದ ಬಿಡಿ ವರದಿಗಳಿವೆಯಾದರೂ, ಆಹಾರದ ಈ ಪಲ್ಲಟದಲ್ಲಿ ಹೆತ್ತ ಹಕ್ಕಿಗೆ ನಿಯತವಾದ ಪಾತ್ರವಿದೆಯೇ ಅಥವಾ ಅವು ಅಪವಾದಗಳೇ ಎಂಬುದನ್ನು ಅತ್ತಿ-ಗೋಣಿ ಮರಗಳ ಬಳಿ ಗುರುತುಹಾಕಿದ ಮರಿಗಳನ್ನು ಹಿಂಬಾಲಿಸಿಯೇ ನಿರ್ಧರಿಸಬೇಕಾಗುತ್ತದೆ.